ಟ್ಯಾಂಕಿನೊಳಗಿನ ಪಂಪಿಗೆ ಎಷ್ಟು ಆಯುಷ್ಯ?

ಕಳೆದ ಬೇಸಗೆಯ ಒಂದು ಮಂಗಳವಾರ. ಉಮ್ಮನಿಗೆ ಡಯಾಲಿಸಿಸ್‌ನ ದಿನ. ವಾರಕ್ಕೆ ಎರಡು ಸಲ ಉಪ್ಪಿನಂಗಡಿಯಿಂದ ಮಂಗಳೂರಿಗೆ ಹೋಗಿ ಬರಬೇಕು. ತಮ್ಮ ದಮ್ಮಾಮ್‌ನಲ್ಲಿರುವುದರಿಂದ ಕಾರು ಓಡಿಸುವವಳು ಅವನ ಹೆಂಡತಿ. ಹತ್ತೂವರೆಗೆ ಆಸ್ಪತ್ರೆಯಲ್ಲಿರಬೇಕಾಗಿತ್ತು. ಮಾಣಿ, ಕಲ್ಲಡ್ಕ ದಾಟಿ ಮೇಲ್ಕಾರ್ ಸಮೀಪಿಸುವಾಗ ಕಾರು ಎರಡು ಸಲ ಜಗ್ಗಿತು. ಆಕ್ಸಿಲರೇಟರ್ ಒತ್ತಿದರೂ ವೇಗ ಬರಲಿಲ್ಲ. ಹಿಂದೆ ಲಾರಿಯವನ ಹಾರನ್. ಹೇಗೋ ರಸ್ತೆಯ ಬದಿಗೆ ತಂದಳು, ಅಷ್ಟರಲ್ಲಿ ಎಂಜಿನ್ ನಿಂತುಹೋಯಿತು. ಕೀಲಿ ತಿರುಗಿಸಿದರೆ ಸ್ಟಾರ್ಟರ್ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಎ.ಸಿ. ಇಲ್ಲ, ಬಿಸಿಲು ನೆತ್ತಿಗೆ ಬರುತ್ತಿದೆ, ಹಿಂದಿನ ಸೀಟಿನಲ್ಲಿ ಉಮ್ಮ ತಸ್ಬೀಹ್ ಹಿಡಿದು ಕುಳಿತಿದ್ದಾರೆ. ಒಬ್ಬ ರಿಕ್ಷಾದವರು ನಿಲ್ಲಿಸಿ ಇಬ್ಬರನ್ನೂ ಕರೆದುಕೊಂಡು ಹೋದರು. ಆದರೆ ಆಸ್ಪತ್ರೆ ತಲುಪುವಾಗ ಉಮ್ಮನ ಸರದಿ ಮುಗಿದಿತ್ತು. ಸಂಜೆಯ ಕೊನೆಯ ಸರದಿಯಲ್ಲಿ ಮೆಷಿನ್ ಸಿಕ್ಕಿತು. ಮನೆ ಸೇರುವಾಗ ರಾತ್ರಿ ಹನ್ನೊಂದು ಕಳೆದಿತ್ತು.

ಅಂದು ರಾತ್ರಿ ದಮ್ಮಾಮ್‌ನಿಂದ ಫೋನು ಬಂತು. ತಮ್ಮನ ಮೊದಲ ಮಾತು, "ನೀನು ಓಡಿಸಿ ಓಡಿಸಿ ಏನೋ ಹಾಳು ಮಾಡಿದ್ದೀ." ಪಾಪ, ಅವಳು ಏನೂ ಉತ್ತರಿಸಲಿಲ್ಲ. ಮರುದಿನ ಗ್ಯಾರೇಜಿನವರು ಹೇಳಿದರು, "ಪೆಟ್ರೋಲ್ ಪಂಪ್ ಹೋಗಿದೆ. ಅದಕ್ಕೆ ಐದೇ ವರ್ಷ ಆಯುಷ್ಯ." 7,200 ರೂಪಾಯಿ ಬಿಲ್ಲಾಯಿತು. ಮೂರು ವಾರ ಕಳೆದಾಗ ಅದೇ ಕಾರು ಬಿ.ಸಿ.ರೋಡಿನ ಪೇಟೆಯ ನಡುವೆ ಮತ್ತೆ ನಿಂತಿತು.

ಹಾಗಾದರೆ ಈ ಪಂಪಿಗೆ ನಿಜವಾಗಿ ಎಷ್ಟು ಆಯುಷ್ಯ? ಹಾಳು ಮಾಡಿದವರು ಯಾರು? ಈ ಎರಡು ಪ್ರಶ್ನೆಗಳ ಬೆನ್ನು ಹತ್ತಿ ನಾನು ಕೇಳಿದ, ಓದಿದ, ನೋಡಿ ತಿಳಿದ ಸಂಗತಿಗಳನ್ನು ಈ ತಿಂಗಳು ನಿಮ್ಮ ಮುಂದಿಡುತ್ತಿದ್ದೇನೆ. ಗಂಡ ಗಲ್ಫ್‌ನಲ್ಲಿ, ಕಾರು ಮನೆಯ ಅಂಗಳದಲ್ಲಿ, ಆಸ್ಪತ್ರೆ ಮತ್ತು ಮಕ್ಕಳ ಶಾಲೆಯ ಜವಾಬ್ದಾರಿ ಹೆಗಲ ಮೇಲೆ ಎಂಬ ಸ್ಥಿತಿಯಲ್ಲಿರುವ ಸಹೋದರಿಯರು ನಮ್ಮಲ್ಲಿ ಕಡಿಮೆಯೇನಲ್ಲ. ಅವರಿಗಾದರೂ ಇದು ಉಪಯೋಗಕ್ಕೆ ಬರಬಹುದು.

ಮೊದಲು ಹೆಸರಿನ ಗೊಂದಲ. ಪೆಟ್ರೋಲ್ ಪಂಪ್ ಎಂದರೆ ನಾವು ಪೆಟ್ರೋಲ್ ತುಂಬಿಸುವ ಬಂಕ್ ಎಂದು ತಿಳಿಯುವವರೇ ಹೆಚ್ಚು. ಇಲ್ಲಿ ಹೇಳುತ್ತಿರುವುದು ಕಾರಿನ ಟ್ಯಾಂಕಿನಿಂದ ಎಂಜಿನಿಗೆ ಪೆಟ್ರೋಲನ್ನು ತಳ್ಳುವ ಪುಟ್ಟ ಮೋಟಾರಿನ ಬಗ್ಗೆ. ಮನೆಯ ಬಾವಿಗೆ ಇಳಿಸಿದ ಪಂಪಿನ ಹಾಗೆಯೇ ಇದು ಕೂಡಾ. ಗಾತ್ರದಲ್ಲಿ ಅಂಗೈಯಲ್ಲಿ ಹಿಡಿಯುವಷ್ಟು.

ಹಿಂದೆ ಹೀಗಿರಲಿಲ್ಲ. ನಮ್ಮ ಮಾವನವರು ಅಂಬಾಸಿಡರ್ ಬಾಡಿಗೆಗೆ ಓಡಿಸುತ್ತಿದ್ದರು. ಅದರ ಪಂಪು ಇದ್ದದ್ದು ಎಂಜಿನಿನ ಪಕ್ಕದಲ್ಲಿ. ಒಳಗೆ ಒಂದು ರಬ್ಬರಿನ ಪೊರೆ, ಅದನ್ನು ಎಂಜಿನೇ ಮೇಲೆ ಕೆಳಗೆ ಆಡಿಸುತ್ತಿತ್ತು, ವಿದ್ಯುತ್ತಿನ ಹಂಗಿರಲಿಲ್ಲ. ಬೇಸಗೆಯಲ್ಲಿ ಚಾರ್ಮಾಡಿ, ಶಿರಾಡಿ ಘಾಟಿ ಹತ್ತುವಾಗ ಎಂಜಿನಿನ ಕಾವಿಗೆ ಪೈಪಿನಲ್ಲೇ ಪೆಟ್ರೋಲು ಕುದಿದು ಆವಿಯಾಗಿ, ಪಂಪಿಗೆ ಎಳೆಯಲು ದ್ರವವೇ ಸಿಗದೆ ಕಾರು ನಿಲ್ಲುತ್ತಿತ್ತು. ಆಗ ಅವರು ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ, ಒಂದು ಬೀಡಿಯ ಹೊತ್ತು ಕಾದು (ಬೀಡಿ ದೂರ ನಿಂತು ಸೇದುತ್ತಿದ್ದರು ಎಂದು ಅವರ ವಾದ) ಮತ್ತೆ ಹೊರಡುತ್ತಿದ್ದರು. ಕಾರ್ಬುರೇಟರಿನ ಮಾರುತಿ 800 ಕೂಡಾ ಇಂಥದೇ ಪಂಪಿನದು. 2000ನೇ ಇಸವಿಯ ಸುಮಾರಿಗೆ ಹೊಗೆಯ ಕಾನೂನು ಬಿಗಿಯಾಗತೊಡಗಿದಾಗ ಕಾರ್ಬುರೇಟರ್ ಹೋಗಿ ಇಂಜೆಕ್ಷನ್ ಬಂತು. ಇಂಜೆಕ್ಟರುಗಳು ಪೆಟ್ರೋಲನ್ನು ಸಿಂಪಡಿಸಬೇಕಾದರೆ ಸಾಕಷ್ಟು ಒತ್ತಡ ಬೇಕು. ಕಾರಿನ ಟಯರಿಗೆ ತುಂಬುವ ಗಾಳಿಯ ಒತ್ತಡಕ್ಕಿಂತ ಸುಮಾರು ಒಂದೂವರೆ ಪಟ್ಟು. ಅಷ್ಟನ್ನು ಆ ರಬ್ಬರು ಪೊರೆ ಕೊಡಲಾರದು. ಹಾಗಾಗಿ ವಿದ್ಯುತ್ ಪಂಪು ಬಂತು, ಅದನ್ನು ಟ್ಯಾಂಕಿನೊಳಗೇ ಮುಳುಗಿಸಿಡಲಾಯಿತು. ಹೆಚ್ಚಿನ ಕಾರುಗಳಲ್ಲಿ ಹಿಂದಿನ ಸೀಟನ್ನು ಎತ್ತಿದರೆ ಒಂದು ಮುಚ್ಚಳ ಕಾಣುತ್ತದೆ, ಅದರ ಕೆಳಗೆ ಇದರ ವಾಸ.

ಪೆಟ್ರೋಲಿನಲ್ಲಿ ಮುಳುಗಿದ ಮೋಟಾರು ಎಂದಾಗ ನನಗೆ ಭಯವಾಗಿತ್ತು. ಕಿಡಿ ಹಾರಿದರೆ? ಆದರೆ ಬೆಂಕಿಗೆ ಗಾಳಿ ಬೇಕು. ಪಂಪಿನ ಒಳಗೆ ತುಂಬಿರುವುದು ಬರೀ ಪೆಟ್ರೋಲು. ಟ್ಯಾಂಕಿನ ಖಾಲಿ ಜಾಗದಲ್ಲೂ ಪೆಟ್ರೋಲಿನ ಆವಿಯೇ ದಟ್ಟವಾಗಿರುವುದರಿಂದ ಹೊತ್ತಿಕೊಳ್ಳಲು ಬೇಕಾದಷ್ಟು ಗಾಳಿ ಇರುವುದಿಲ್ಲ. ಅಪಾಯವಿರುವುದು ಮುಚ್ಚಳ ತೆಗೆದು ಪಂಪನ್ನು ಹೊರಗೆ ಎತ್ತುವಾಗ. ಆದ್ದರಿಂದ ಅಡುಗೆಮನೆಗೆ ತಾಗಿದ ಶೆಡ್ಡಿನಲ್ಲಿ ಈ ಕೆಲಸಕ್ಕೆ ಯಾರಿಗೂ ಅವಕಾಶ ಕೊಡಬೇಡಿ. ಪೈಪು ಹಾಕಿ ಬಾಯಿಯಿಂದ ಪೆಟ್ರೋಲ್ ಎಳೆಯುವ ಅಭ್ಯಾಸವಂತೂ ಮಕ್ಕಳ ಕಣ್ಣಿಗೂ ಬೀಳಬಾರದು. ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಕುತ್ತು.

ಇನ್ನು ಆಯುಷ್ಯದ ಮಾತು. ಸಾಮಾನ್ಯವಾಗಿ ಒಂದು ಒಳ್ಳೆಯ ಪಂಪು 1.5 ಲಕ್ಷ ಕಿ.ಮೀ.ಯ ಆಚೀಚೆ ಬಾಳುತ್ತದೆ ಎಂಬ ಲೆಕ್ಕವಿದೆ. 2 ಲಕ್ಷ ದಾಟಿಯೂ ಮೊದಲ ಪಂಪಿನಲ್ಲೇ ಓಡುವ ಕಾರುಗಳುಂಟು. ಕಾರು ಗುಜರಿಗೆ ಹೋಗುವವರೆಗೂ ಪಂಪು ಬದಲಿಸದವರೂ ಇದ್ದಾರೆ. ವರ್ಷಕ್ಕೆ 10,000 ಕಿ.ಮೀ. ಓಡುವ ಮನೆಯ ಕಾರಾದರೆ ಹದಿನೈದು ವರ್ಷ. ಎಂಜಿನ್ ಆಯಿಲಿನ ಹಾಗೆ ಇಷ್ಟು ವರ್ಷಕ್ಕೊಮ್ಮೆ ಬದಲಿಸಲೇಬೇಕೆಂಬ ನಿಯಮ ಇದಕ್ಕಿಲ್ಲ. ಹಾಗಾಗಿ "ಐದೇ ವರ್ಷ" ಎಂದವರ ಮಾತಿಗೆ ಆಧಾರವಿಲ್ಲ. ನಮ್ಮ ಕಾರು ಓಡಿದ್ದು 46,000 ಕಿ.ಮೀ. ಮಾತ್ರ.

ಇಲ್ಲಿ ಒಂದು ಸೂಕ್ಷ್ಮವಿದೆ. ಪಂಪು ಲೆಕ್ಕ ಇಡುವುದು ಕಿಲೋಮೀಟರನ್ನಲ್ಲ, ಗಂಟೆಗಳನ್ನು. ಎಂಜಿನ್ ಚಾಲೂ ಇರುವಷ್ಟು ಹೊತ್ತು ಅದು ಬಿಡುವಿಲ್ಲದೆ ತಿರುಗುತ್ತದೆ. ಸರಾಸರಿ ಗಂಟೆಗೆ 30 ಕಿ.ಮೀ. ಎಂದಿಟ್ಟುಕೊಂಡರೆ 1.5 ಲಕ್ಷ ಕಿ.ಮೀ.ಗೆ 5,000 ಗಂಟೆ ಆಯಿತು. ಶಾಲೆಯ ಗೇಟಿನ ಮುಂದೆ ಎ.ಸಿ. ಹಾಕಿ ಅರ್ಧ ಗಂಟೆ ಕಾಯುವಾಗ ಮೀಟರಿನಲ್ಲಿ ಒಂದು ಕಿ.ಮೀ. ಕೂಡಾ ಏರುವುದಿಲ್ಲ. ಪಂಪಿನ ಆಯುಷ್ಯದಿಂದ ಮಾತ್ರ ಅರ್ಧ ಗಂಟೆ ಕಳೆಯುತ್ತದೆ.

ಹಾಗಾದರೆ ಕೆಲವು ಪಂಪುಗಳು ಅರ್ಧ ಆಯುಷ್ಯದಲ್ಲೇ ಸಾಯುವುದೇಕೆ? ಇದಕ್ಕೆ ನಮ್ಮ ಊರಿನ ಹಳೆಯ ಮೆಕ್ಯಾನಿಕ್ ಒಬ್ಬರು (ಎರಡನೆಯ ಸಲ ಕಾರನ್ನು ಅವರಲ್ಲಿಗೇ ಒಯ್ದದ್ದು) ಮೊದಲು ಕೇಳಿದ ಪ್ರಶ್ನೆ, "ಪೆಟ್ರೋಲ್ ಎಷ್ಟು ಹಾಕಿಸ್ತೀರಿ ಅಕ್ಕಾ?" ಅವಳು ಉತ್ತರಿಸಿದಳು, "ಹೋಗುವಾಗ 300, ಬರುವಾಗ 300."

ಇದನ್ನು ಅರ್ಥ ಮಾಡಿಕೊಳ್ಳಲು ಕಷ್ಟವಿಲ್ಲ. ತಿಂಗಳಿಗೆ ಬರುವ ಹಣದಲ್ಲಿ ಔಷಧ, ಶಾಲೆಯ ಫೀಸು, ದಿನಸಿ ಎಲ್ಲ ತೂಗಿಸಬೇಕು. ಒಮ್ಮೆಲೇ 3,000 ರೂಪಾಯಿಯ ಪೆಟ್ರೋಲ್ ತುಂಬಿಸಲು ಕೈ ಬರುವುದಿಲ್ಲ. ಅದಲ್ಲದೆ "ಜಾಸ್ತಿ ಹಾಕಿಸಬೇಡ, ಬೇಕಾದಷ್ಟೇ ಹಾಕಿಸು" ಎಂದು ತಮ್ಮನದೇ ಆಜ್ಞೆ. ಹಾಗಾಗಿ ಮುಳ್ಳು ಯಾವಾಗಲೂ ಕೆಂಪು ಗೆರೆಯ ಹತ್ತಿರ, ರಿಸರ್ವಿನ ದೀಪ ಹೊತ್ತಿಯೇ ಇರುತ್ತಿತ್ತು.

ಪಂಪಿನ ಮೋಟಾರು ತಿರುಗುವಾಗ ಬಿಸಿಯಾಗುತ್ತದೆ. ಅದನ್ನು ತಣಿಸಲು ಫ್ಯಾನ್ ಇಲ್ಲ, ಎಣ್ಣೆ ಹಾಕಲು ಜಾಗವಿಲ್ಲ. ಪೆಟ್ರೋಲೇ ಅದರ ನೀರು, ಪೆಟ್ರೋಲೇ ಅದರ ಎಣ್ಣೆ. ಮೋಟಾರಿನ ಒಳಗಿನಿಂದಲೇ ಪೆಟ್ರೋಲು ಹರಿದು ಹೋಗುತ್ತದೆ, ಹೋಗುತ್ತಾ ಕಾವನ್ನೂ ಒಯ್ಯುತ್ತದೆ. ಎಂಜಿನಿಗೆ ಬೇಕಾದುದಕ್ಕಿಂತ ಎಷ್ಟೋ ಹೆಚ್ಚು ಪೆಟ್ರೋಲನ್ನು ಪಂಪು ಎತ್ತುತ್ತದೆ, ಹೆಚ್ಚಾದದ್ದು ಟ್ಯಾಂಕಿಗೇ ಮರಳುತ್ತದೆ. ಟ್ಯಾಂಕಿನಲ್ಲಿ 30 ಲೀಟರ್ ಇದ್ದರೆ ಈ ಕಾವು ಅದರಲ್ಲಿ ಕರಗಿ ಹೋಗುತ್ತದೆ. ಮೂರೇ ಲೀಟರ್ ಇದ್ದರೆ ಅದೇ ಪೆಟ್ರೋಲು ಸುತ್ತಿ ಸುತ್ತಿ ಬಂದು ಬಿಸಿಯಾಗುತ್ತಾ ಹೋಗುತ್ತದೆ. ಜೊತೆಗೆ ಏರುದಾರಿಯಲ್ಲಿ, ತಿರುವಿನಲ್ಲಿ ಇರುವ ಚೂರು ಪೆಟ್ರೋಲು ಒಂದು ಬದಿಗೆ ಸರಿದಾಗ ಪಂಪು ಗಾಳಿ ಎಳೆಯುತ್ತದೆ. ಎಣ್ಣೆಯಿಲ್ಲದೆ ಒಣಗಿ ತಿರುಗುತ್ತದೆ. ಒಳಗಿನ ಕಾರ್ಬನ್ ಬ್ರಷ್ಷುಗಳು ಬೇಗ ಸವೆಯುತ್ತವೆ.

ಇದನ್ನು ಕೇಳಿ ಹೆದರಬೇಕಿಲ್ಲ. ಇತ್ತೀಚಿನ ಕಾರುಗಳಲ್ಲಿ ಪಂಪನ್ನು ಒಂದು ಪ್ಲಾಸ್ಟಿಕ್ ಡಬ್ಬಿಯೊಳಗೆ ಕೂರಿಸಿರುತ್ತಾರೆ, ಟ್ಯಾಂಕಿನಲ್ಲಿ ಕಡಿಮೆ ಇದ್ದಾಗಲೂ ಆ ಡಬ್ಬಿ ತುಂಬಿರುವಂತೆ ಏರ್ಪಾಡಿರುತ್ತದೆ. ಆದ್ದರಿಂದ ಒಂದು ದಿನ ರಿಸರ್ವಿಗೆ ಬಂದರೆ ಪಂಪು ಸುಡುವುದಿಲ್ಲ. ವರ್ಷಗಟ್ಟಲೆ ಅದೇ ಅಭ್ಯಾಸವಾದರೆ, ಪೂರ್ತಿ ಖಾಲಿಯಾಗಿ ಕಾರು ನಿಲ್ಲುವುದು ನಾಲ್ಕಾರು ಸಲ ಆದರೆ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ. "ಕಡಿಮೆ ಇದ್ದಾಗ ತಳದ ಕಸ ಎಳೆಯುತ್ತದೆ" ಎಂದು ಹಲವರು ಹೇಳುವುದುಂಟು. ಅದು ಪೂರ್ತಿ ಸರಿಯಲ್ಲ. ಪಂಪು ಯಾವಾಗಲೂ ತಳದಿಂದಲೇ ಎಳೆಯುವುದು. ಟ್ಯಾಂಕ್ ತುಂಬಿದ್ದರೂ ಅಷ್ಟೇ. ಕಾವಿನ ಮಾತು ಮಾತ್ರ ನಿಜ. ಕಾಲು ಟ್ಯಾಂಕಿಗೆ ಇಳಿಯುವ ಮೊದಲೇ ತುಂಬಿಸಿ ಎಂಬುದು ಸುಲಭದ ನಿಯಮ. ಖರ್ಚು ಹೆಚ್ಚಾಗುತ್ತದೆಯೇ? ಇಲ್ಲ. ಮೊದಲ ಸಲ ಮಾತ್ರ ಕೈಯಿಂದ ಹೆಚ್ಚು ಹೋಗುತ್ತದೆ. ಆಮೇಲೆ ಅದೇ 300 ಹಾಕಿಸಿದರೂ ಮುಳ್ಳು ಅರ್ಧದಲ್ಲೇ ಆಡುತ್ತಿರುತ್ತದೆ.

ಗ್ಯಾಸಿನ ಕಾರುಗಳಲ್ಲಿ ಈ ಕಾಯಿಲೆ ಇನ್ನೂ ಜಾಸ್ತಿ. ಎಲ್‌ಪಿಜಿ ಅಥವಾ ಸಿಎನ್‌ಜಿ ಕಿಟ್ ಹಾಕಿಸಿದವರು ಪೆಟ್ರೋಲ್ ಟ್ಯಾಂಕನ್ನು ಮರೆತೇ ಬಿಡುತ್ತಾರೆ. ಹೊರಗೆ ಹಾಕಿಸಿದ ಎಷ್ಟೋ ಕಿಟ್‌ಗಳಲ್ಲಿ ಕಾರು ಗ್ಯಾಸಿನಲ್ಲಿ ಓಡುವಾಗಲೂ ಪೆಟ್ರೋಲ್ ಪಂಪು ಸುಮ್ಮನೆ ತಿರುಗುತ್ತಲೇ ಇರುತ್ತದೆ. ಅದನ್ನು ನಿಲ್ಲಿಸುವ ರಿಲೇ ಹಾಕಿದ್ದಾರೆಯೇ ಎಂದು ಕಿಟ್ ಹಾಕಿದವರನ್ನೇ ಕೇಳಿ. ಹಾಕಿದ್ದರೂ ಟ್ಯಾಂಕಿನಲ್ಲಿ ಎಂಟು-ಹತ್ತು ಲೀಟರ್ ಇರಲಿ, ದಿನಕ್ಕೆ ಒಂದೆರಡು ಕಿ.ಮೀ. ಪೆಟ್ರೋಲಿನಲ್ಲೂ ಓಡಲಿ.

ಎರಡನೆಯ ಕಾರಣ ನಿಂತ ಕಾರು. ಇದು ನಮ್ಮ ಕರಾವಳಿಯ ಮನೆಗಳದ್ದೇ ವಿಶೇಷ ಎನ್ನಬಹುದು. ಗಂಡಸರು ರಜೆಯಲ್ಲಿ ಬಂದು ಒಂದೂವರೆ ತಿಂಗಳು ಓಡಿಸಿ, ಕಾರಿಗೆ ಕವರ್ ಹೊದಿಸಿ ಹೋಗುತ್ತಾರೆ. ಉಳಿದ ಹತ್ತು ತಿಂಗಳು ಅದು ನಿಂತಲ್ಲೇ. ತಮ್ಮನ ಕಾರೂ ಹೆಂಡತಿ ಲೈಸೆನ್ಸ್ ಮಾಡಿಸುವವರೆಗೆ ಆರು ವರ್ಷ ಹೀಗೆಯೇ ಇತ್ತು. ಪೆಟ್ರೋಲು ಉಪ್ಪಿನಕಾಯಿಯಲ್ಲ, ಇಟ್ಟಷ್ಟೂ ರುಚಿಯಾಗಲು. ತಿಂಗಳುಗಟ್ಟಲೆ ನಿಂತರೆ ಅದರ ಹಗುರ ಅಂಶ ಹಾರಿ ಹೋಗಿ, ಉಳಿದದ್ದು ಗಾಳಿಯೊಂದಿಗೆ ಸೇರಿ ಅಂಟಾಗುತ್ತದೆ. ಆ ಅಂಟು ಪಂಪಿನ ಬಾಯಿಗೆ ಕಟ್ಟಿದ ಜಾಲರಿಯಲ್ಲಿ, ಒಳಗಿನ ಚಕ್ರದಲ್ಲಿ ಕಟ್ಟುತ್ತದೆ. ರಜೆಗೆ ಬಂದವರು ಒಮ್ಮೆಲೇ ಕೀಲಿ ತಿರುಗಿಸಿದಾಗ ಪಂಪು ಅಲುಗುವುದೇ ಇಲ್ಲ. ಅದರ ಮೇಲೆ ಇಲಿ. ನಿಂತ ಕಾರಿನ ವಯರನ್ನು ಇಲಿ ಕಡಿದು, ಪಂಪಿಗೆ ಕರೆಂಟೇ ಹೋಗದೆ, ಪಂಪು ಸತ್ತಿತೆಂದು ಬದಲಿಸಿದ ಕಥೆಗಳು ಎಷ್ಟು ಬೇಕಾದರೂ ಸಿಗುತ್ತವೆ. ನಿಲ್ಲಿಸಲೇಬೇಕಾದರೆ ಟ್ಯಾಂಕ್ ತುಂಬಿಸಿ ನಿಲ್ಲಿಸಿ. ಖಾಲಿ ಜಾಗ ಕಡಿಮೆಯಿದ್ದಷ್ಟೂ ತೇವದ ಗಾಳಿಗೆ ಅವಕಾಶ ಕಡಿಮೆ. ಹತ್ತು-ಹದಿನೈದು ದಿನಕ್ಕೊಮ್ಮೆ ಯಾರಾದರೂ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಿ ತರಲಿ. ಮನೆಯಲ್ಲಿ ಲೈಸೆನ್ಸ್ ಇರುವ ಹೆಣ್ಣುಮಗಳಿದ್ದರೆ ಅವಳೇ ಓಡಿಸಲಿ, ಕೀಲಿಯನ್ನು ಕಪಾಟಿನಲ್ಲಿ ಬೀಗ ಹಾಕಿ ಹೋಗುವುದೇಕೆ?

ಮೂರನೆಯದು ನೀರು. ಮಳೆಗಾಲದಲ್ಲಿ ಬಂಕಿನ ನೆಲದಡಿಯ ಟ್ಯಾಂಕಿಗೆ ನೀರಿಳಿದು ಒಮ್ಮೆಗೇ ಹತ್ತಾರು ವಾಹನಗಳು ದಾರಿಯಲ್ಲಿ ನಿಂತ ಸುದ್ದಿಗಳನ್ನು ನೀವೂ ಓದಿರಬಹುದು. ಈಗ ಪೆಟ್ರೋಲಿನಲ್ಲಿ ಎಥೆನಾಲ್ ಬೆರೆಸುವುದರಿಂದ ಈ ವಿಷಯ ಸ್ವಲ್ಪ ಬೇರೆಯೇ ಆಗಿದೆ. ಶೇ. 20 ಎಥೆನಾಲ್ ಇರುವ ಇ-20 ಪೆಟ್ರೋಲು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾಯಿತು. 2025ರ ಹೊತ್ತಿಗೆ ದೇಶದ ಬಂಕುಗಳಲ್ಲಿ ಅದೇ ಸಾಮಾನ್ಯವಾಯಿತು. ಎಥೆನಾಲ್ ನೀರನ್ನು ಹೀರಿಕೊಳ್ಳುತ್ತದೆ. ಒಂದು ಮಿತಿಯವರೆಗೆ ಅದು ಕರಗಿ ಹೋಗುತ್ತದೆ, ತೊಂದರೆಯಿಲ್ಲ. ಮಿತಿ ಮೀರಿದರೆ ನೀರು ಮತ್ತು ಎಥೆನಾಲ್ ಎರಡೂ ಒಟ್ಟಿಗೆ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಪಂಪಿನ ಬಾಯಿ ಇರುವುದೂ ತಳದಲ್ಲೇ. ಆಗ ಅದು ಕುಡಿಯುವುದು ಪೆಟ್ರೋಲನ್ನಲ್ಲ. ಹಳೆಯ ಕಾರುಗಳಲ್ಲಿ ಕೆಲವು ರಬ್ಬರು ಭಾಗಗಳನ್ನು ಬದಲಿಸಬೇಕಾಗಿ ಬರಬಹುದೆಂದು ಪೆಟ್ರೋಲಿಯಂ ಸಚಿವಾಲಯವೂ 2025ರಲ್ಲಿ ಒಪ್ಪಿಕೊಂಡಿದೆ. ನಿಮ್ಮ ಕಾರಿಗೆ ಇದು ಒಗ್ಗುತ್ತದೆಯೇ ಎಂಬುದು ಕಾರಿನ ಜೊತೆ ಬಂದ ಪುಸ್ತಕದಲ್ಲಿರುತ್ತದೆ, ಇಲ್ಲವಾದರೆ ಕಂಪೆನಿಯ ಸರ್ವಿಸಿನವರನ್ನು ಕೇಳಬಹುದು. ಬಂಕಿನ ಪೆಟ್ರೋಲಿನ ಮೇಲೆ ಸಂಶಯವಿದ್ದರೆ ಫಿಲ್ಟರ್ ಪೇಪರ್ ಪರೀಕ್ಷೆ ಮಾಡಿ ತೋರಿಸಿ ಎಂದು ಕೇಳುವ ಹಕ್ಕು ಪ್ರತಿ ಗ್ರಾಹಕರಿಗೂ ಇದೆ. ನಳಿಗೆಯ ಬಾಯಿಯಿಂದ ಒಂದು ಹನಿ ಕಾಗದದ ಮೇಲೆ ಬಿಟ್ಟರೆ ಒಂದೆರಡು ನಿಮಿಷದಲ್ಲಿ ಕಲೆ ಉಳಿಯದೆ ಆರಬೇಕು. ಕಲೆ ಉಳಿದರೆ ಕಲಬೆರಕೆಯ ಸಂಶಯ. ಕೇಳಲು ಸಂಕೋಚ ಬೇಡ. ಎಲ್ಲಿ ಹಾಕಿಸಿದರೂ ಬಿಲ್ ಪಡೆದಿಟ್ಟುಕೊಳ್ಳಿ.

ಮುಚ್ಚಿಹೋದ ಫಿಲ್ಟರೂ ಪಂಪನ್ನು ಕೊಲ್ಲುತ್ತದೆ. ಮೂಗು ಕಟ್ಟಿದಾಗ ನಾವು ಹೇಗೆ ಉಸಿರಿಗಾಗಿ ಒದ್ದಾಡುತ್ತೇವೋ ಹಾಗೆ ಅದೂ ಹೆಚ್ಚು ಶಕ್ತಿ ಹಾಕಿ ಬಿಸಿಯಾಗುತ್ತದೆ. ಹಳೆಯ ಕಾರುಗಳಲ್ಲಿ ಫಿಲ್ಟರ್ ಹೊರಗಿರುತ್ತದೆ, ಪುಸ್ತಕದಲ್ಲಿ ಹೇಳಿದ ಅಂತರಕ್ಕೆ ಬದಲಿಸಬೇಕು. ಹೊಸತರಲ್ಲಿ ಪಂಪಿನೊಂದಿಗೇ ಸೇರಿರುತ್ತದೆ.

ಕೆಲವೊಮ್ಮೆ ತಪ್ಪು ನಮ್ಮದೂ ಅಲ್ಲ, ಬಂಕಿನದೂ ಅಲ್ಲ. ತಯಾರಿಕೆಯಲ್ಲೇ ದೋಷವಿರುತ್ತದೆ. 2020ರ ಜುಲೈಯಲ್ಲಿ ಮಾರುತಿ ಸುಜುಕಿ ಕಂಪೆನಿ ಪಂಪಿನ ದೋಷದ ಸಂಶಯದಿಂದ 1,34,885 ವ್ಯಾಗನ್-ಆರ್ ಮತ್ತು ಬಲೆನೊ ಕಾರುಗಳನ್ನು ವಾಪಸು ಕರೆಯಿತು. ಅವು 2018ರ ಕೊನೆಯಿಂದ 2019ರ ಕೊನೆಯ ನಡುವೆ ತಯಾರಾದವು. 2024ರ ಮಾರ್ಚಿನಲ್ಲಿ ಅದೇ ಎರಡು ಮಾದರಿಗಳ ಇನ್ನೂ ಹದಿನಾರು ಸಾವಿರದಷ್ಟು ಕಾರುಗಳನ್ನು ಕರೆಯಿತು. ಹೋಂಡಾ ಕಂಪೆನಿ 2020ರ ಜೂನ್‌ನಲ್ಲಿ 2018ರಲ್ಲಿ ತಯಾರಾದ 65,651 ಕಾರುಗಳನ್ನು, 2024ರ ಅಕ್ಟೋಬರ್‌ನಲ್ಲಿ ಮತ್ತೆ ತೊಂಬತ್ತು ಸಾವಿರಕ್ಕೂ ಹೆಚ್ಚು ಕಾರುಗಳನ್ನು ಕರೆಯಿತು. ಹೋಂಡಾ, ಟೊಯೊಟಾ ಮುಂತಾದ ಕಂಪೆನಿಗಳ ಲಕ್ಷಾಂತರ ಕಾರುಗಳು ಪ್ರಪಂಚದಾದ್ಯಂತ ಹೀಗೆ ಗ್ಯಾರೇಜಿಗೆ ಮರಳಿವೆ. ಪೆಟ್ರೋಲನ್ನು ತಳ್ಳುವ ಪ್ಲಾಸ್ಟಿಕ್ ಚಕ್ರ ಸಾಕಷ್ಟು ಗಟ್ಟಿಯಾಗಿರಲಿಲ್ಲ. ಅದು ಪೆಟ್ರೋಲ್ ಹೀರಿ ಉಬ್ಬಿ, ಸುತ್ತಲಿನ ಕವಚಕ್ಕೆ ಉಜ್ಜಿ ತಿರುಗದಾಗುತ್ತಿತ್ತು. ಹಸಿ ಮರದ ಬಾಗಿಲು ಮಳೆಗಾಲದಲ್ಲಿ ಉಬ್ಬಿ ಚೌಕಟ್ಟಿಗೆ ಸಿಕ್ಕಿಕೊಳ್ಳುವ ಹಾಗೆ. ಇಂಥ ಪಂಪನ್ನು ಕಂಪೆನಿಯವರು ಉಚಿತವಾಗಿ ಬದಲಿಸಿ ಕೊಡುತ್ತಾರೆ. ಆದರೆ ಪತ್ರ, ಫೋನು ಹೋಗುವುದು ದಾಖಲೆಯಲ್ಲಿರುವ ಮಾಲಕರಿಗೆ. ಸೆಕೆಂಡ್ ಹ್ಯಾಂಡ್ ಕೊಂಡವರಿಗೆ ಗೊತ್ತೇ ಆಗುವುದಿಲ್ಲ. ಆರ್.ಸಿ.ಯಲ್ಲಿರುವ ಚಾಸಿಸ್ ನಂಬರನ್ನು ಕಂಪೆನಿಯ ವೆಬ್‌ಸೈಟಿನಲ್ಲಿ ಹಾಕಿ ನೋಡಬಹುದು, ಶೋರೂಮಿಗೆ ಫೋನು ಮಾಡಿಯೂ ಕೇಳಬಹುದು. ಮನೆಯ ಮಕ್ಕಳಿಗೆ ಹೇಳಿದರೆ ಎರಡು ನಿಮಿಷದ ಕೆಲಸ.

ಪಂಪು ಹೆಚ್ಚಾಗಿ ಹೇಳದೆ ಕೇಳದೆ ಸಾಯುವುದಿಲ್ಲ. ಬೆಳಿಗ್ಗೆ ಮೊದಲಿನಂತೆ ಒಂದೇ ಸಲಕ್ಕೆ ಸ್ಟಾರ್ಟ್ ಆಗದೆ ಹೆಚ್ಚು ಹೊತ್ತು ಎಳೆಯಬೇಕಾಗುತ್ತದೆ. ಎ.ಸಿ. ಹಾಕಿ ಏರು ಹತ್ತುವಾಗ ಜಗ್ಗುತ್ತದೆ. ಹಿಂದಿನ ಸೀಟಿನ ಕೆಳಗಿನಿಂದ ಮೊದಲಿಲ್ಲದ ಕುಂಯ್ ಎಂಬ ಸದ್ದು ಬರುತ್ತದೆ. ಬಿಸಿಯಾದಾಗ ನಿಂತು, ಅರ್ಧ ಗಂಟೆ ತಣಿದಾಗ ಏನೂ ಆಗದ ಹಾಗೆ ಸ್ಟಾರ್ಟ್ ಆಗುತ್ತದೆ. ಆದರೆ ಇವೆಲ್ಲ ಬೇರೆ ಕಾರಣಕ್ಕೂ ಆಗಬಹುದು. ನಮ್ಮ 7,200 ರೂಪಾಯಿ ಹೋದದ್ದು ಇಲ್ಲೇ.

ಆ ಹಳೆಯ ಮೆಕ್ಯಾನಿಕ್ ಮಾಡಿದ್ದು ಇಷ್ಟು. ಅವಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಕಿಟಿಕಿ ಮುಚ್ಚಿ, ಕೀಲಿಯನ್ನು ಸ್ಟಾರ್ಟ್ ಮಾಡದೆ ಆನ್ ವರೆಗೆ ಮಾತ್ರ ತಿರುಗಿಸಿದರು. "ಸದ್ದು ಕೇಳಿತಾ?" ಸರಿಯಿರುವ ಕಾರಿನಲ್ಲಿ ಆ ಕ್ಷಣ ಪಂಪು ಒಂದೆರಡು ಸೆಕೆಂಡು ಸಣ್ಣಗೆ ಗುಂಯ್‌ಗುಟ್ಟಿ ಒತ್ತಡ ತುಂಬಿಸಿ ಸುಮ್ಮನಾಗುತ್ತದೆ. ಕೇಳಲಿಲ್ಲ ಎಂದಳು. ಅವರು ಫ್ಯೂಸ್ ನೋಡಿದರು, ರಿಲೇ ಬದಲಿಸಿ ನೋಡಿದರು. ಸೀಟು ಎತ್ತಿ ಮುಚ್ಚಳದ ಮೇಲಿನ ವಯರಿನ ಜೋಡಣೆಗೆ ಮೀಟರ್ ಹಿಡಿದರು. ಬ್ಯಾಟರಿಯಲ್ಲಿ 12 ವೋಲ್ಟಿಗಿಂತ ಹೆಚ್ಚಿದೆ, ಪಂಪಿಗೆ ಮುಟ್ಟುವುದು 8 ಮಾತ್ರ. ಜೋಡಣೆಯ ಒಂದು ಪಿನ್ನು ಕರಟಿ ಕಪ್ಪಾಗಿ ಅದರ ಪ್ಲಾಸ್ಟಿಕ್ ಕರಗಿತ್ತು. ಹಳೆಯ ಪಂಪು ಸವೆದು ಹೆಚ್ಚು ಕರೆಂಟ್ ಎಳೆಯುತ್ತಾ ಆ ಪಿನ್ನನ್ನು ಸುಟ್ಟಿರಬೇಕು. ಮೊದಲ ಗ್ಯಾರೇಜಿನವರು ಅದೇ ಸುಟ್ಟ ಪಿನ್ನಿಗೆ ಹೊಸ ಪಂಪು ಸಿಕ್ಕಿಸಿ ಕಳುಹಿಸಿದ್ದರು. ಜಾಲರಿಯೂ ಹಳೆಯದೇ, ಕಂದು ಬಣ್ಣದ ಅಂಟು ಹಿಡಿದದ್ದು. ಅವರು ಹೊಸ ಜೋಡಣೆ ಹಾಕಿ, ಜಾಲರಿ ಬದಲಿಸಿ, ತಳದ ಪೆಟ್ರೋಲನ್ನು ಹೊರಗೆ ತೆಗೆದು ಟ್ಯಾಂಕ್ ಒರೆಸಿದರು. ಕೊನೆಗೆ ಒತ್ತಡದ ಮೀಟರ್ ಹಾಕಿ ಮುಳ್ಳು ಎಲ್ಲಿ ನಿಲ್ಲುತ್ತದೆಂದು ಅವಳಿಗೂ ತೋರಿಸಿದರು. 1,450 ರೂಪಾಯಿ. ಮೂರು ವಾರದ ಹಿಂದೆ ಹಾಕಿದ ಪಂಪು ಚೆನ್ನಾಗಿಯೇ ಇತ್ತು.

ಆದ್ದರಿಂದ ಯಾರಾದರೂ "ಪಂಪ್ ಹೋಗಿದೆ" ಎಂದರೆ ಮೊದಲು ಕೇಳಿ, "ಪಂಪಿಗೆ ಕರೆಂಟ್ ಬರ್ತಾ ಉಂಟಾ? ಪ್ರೆಶರ್ ನೋಡಿದ್ರಾ?" ಈ ಎರಡು ಪ್ರಶ್ನೆ ಕೇಳಿದವರನ್ನು ಏನೂ ತಿಳಿಯದ ಹೆಂಗಸು ಎಂದು ಅವರು ಎಣಿಸುವುದಿಲ್ಲ. ಮೋಟಾರು ಮಾತ್ರ ಹಾಕುತ್ತೀರೋ, ಇಡೀ ಜೋಡಣೆಯೋ, ಜಾಲರಿ ಹೊಸತೋ, ಯಾವ ಕಂಪೆನಿಯದ್ದು, ಎಷ್ಟು ತಿಂಗಳ ಗ್ಯಾರಂಟಿ ಎಂಬುದೆಲ್ಲ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಪೆಟ್ಟಿಗೆಯ ಮೇಲೆ ಹೆಸರೇ ಇಲ್ಲದ ಅಗ್ಗದ ಮೋಟಾರು ಬೇಡ.

ಡೀಸೆಲ್ ಕಾರಿನವರಿಗೆ ಒಂದು ಮಾತು. ಡೀಸೆಲ್ ಎಂಜಿನಿನಲ್ಲಿ ಸಾವಿರ ಬಾರ್ ದಾಟುವ ಒತ್ತಡ ಕೊಡುವ ಇನ್ನೊಂದು ಪಂಪು ಇರುತ್ತದೆ. ಅದರ ಲೋಹದ ಭಾಗಗಳಿಗೆ ಡೀಸೆಲಿನ ಜಿಡ್ಡೇ ಎಣ್ಣೆ. ಬಂಕಿನ ಹುಡುಗ ಗಡಿಬಿಡಿಯಲ್ಲಿ ಅದಕ್ಕೆ ಪೆಟ್ರೋಲ್ ಹಾಕಿದರೆ ಜಿಡ್ಡು ತೊಳೆದು ಹೋಗಿ ಲೋಹಕ್ಕೆ ಲೋಹ ಉಜ್ಜುತ್ತದೆ, ಅದರ ಪುಡಿ ಇಂಜೆಕ್ಟರಿನವರೆಗೂ ಹೋಗುತ್ತದೆ. ಖರ್ಚು ಲಕ್ಷದ ಹತ್ತಿರ ಹೋಗಬಹುದು. ಹಾಗೇನಾದರೂ ಆದರೆ ಕೀಲಿಯನ್ನು ತಿರುಗಿಸಲೇಬೇಡಿ, ಆನ್ ವರೆಗೂ ಬೇಡ. ಕಾರನ್ನು ತಳ್ಳಿ ಬದಿಗೆ ನಿಲ್ಲಿಸಿ, ಟ್ಯಾಂಕ್ ಖಾಲಿ ಮಾಡಿಸಿ. ಆಗ ಹೆಚ್ಚಿನ ನಷ್ಟವಿಲ್ಲದೆ ಪಾರಾಗಬಹುದು. ತುಂಬಿಸುವಾಗ ಮೊಬೈಲ್ ನೋಡುತ್ತಾ ಕೂರದೆ "ಡೀಸೆಲ್" ಎಂದು ಬಾಯಿಬಿಟ್ಟು ಹೇಳಿ, ಕೆಳಗಿಳಿದು ನೋಡಿ.

ಈಗ ಅವಳು ತಿಂಗಳ ಮೊದಲ ವಾರದಲ್ಲಿ ಒಮ್ಮೆ ಟ್ಯಾಂಕ್ ತುಂಬಿಸಿ, ಅರ್ಧಕ್ಕೆ ಬಂದಾಗ ಮತ್ತೆ ಹಾಕಿಸುತ್ತಾಳೆ. ಹೊರಡುವ ಮೊದಲು ಕೀಲಿ ಆನ್ ಮಾಡಿ ಎರಡು ಸೆಕೆಂಡು ನಿಲ್ಲುತ್ತಾಳೆ. ಉಮ್ಮ ಪಂಪಿನ ಮೇಲೆಯೇ ಕೂರುವವರಾದ್ದರಿಂದ ಅವರಿಗೆ ಸದ್ದು ಚೆನ್ನಾಗಿ ಕೇಳುತ್ತದೆ. "ಬಂತು, ಹೊರಡು" ಎನ್ನುತ್ತಾರೆ.

ಇನ್ನೊಂದು ಹೇಳಲು ಮರೆತೆ. ಬದಲಿಸಿದ ಹಳೆಯ ಭಾಗವನ್ನು ಗ್ಯಾರೇಜಿನಲ್ಲಿ ಬಿಟ್ಟು ಬರಬೇಡಿ, ಕೇಳಿ ತೆಗೆದುಕೊಳ್ಳಿ. ನಿಜವಾಗಿ ಬದಲಿಸಿದ್ದಾರೆ ಎಂಬುದಕ್ಕೆ ಅದೇ ಸಾಕ್ಷಿ. ಒಂದು ದಿನ ಅಂಗಳದಲ್ಲಿಟ್ಟು ಪೆಟ್ರೋಲಿನ ವಾಸನೆ ಹೋಗುವವರೆಗೆ ಒಣಗಿಸಿ. ನಮ್ಮ ಹಳೆಯ ಪಂಪು ಮತ್ತು ಕರಟಿದ ಪಿನ್ನು ಎರಡನ್ನೂ ಅವಳು ಒಂದು ಬಿಸ್ಕೆಟ್ ಡಬ್ಬದಲ್ಲಿ ಹಾಕಿ ಜೋಪಾನವಾಗಿ ಇಟ್ಟಿದ್ದಾಳೆ. ತಮ್ಮ ಬರುವ ರಜೆಗೆ ಊರಿಗೆ ಬಂದಾಗ ತೋರಿಸುತ್ತಾಳಂತೆ.